ಏರುವಾಗ ಸೊರಗುವ ಮಾದರಿ ವಿಮಾನ: ಬ್ಯಾಟರಿಯ ದೋಷವನ್ನು ಪತ್ತೆ ಮಾಡುವ ಬಗೆ

ನೆಲದ ಮೇಲಿದ್ದಾಗ ಎಲ್ಲವೂ ಸರಿಯಾಗಿಯೇ ಇರುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುತ್ತದೆ, ಮೀಟರ್ 12.6 ವೋಲ್ಟ್ ತೋರಿಸುತ್ತದೆ, ಮೋಟಾರು ಒಳ್ಳೆಯ ದನಿಯಲ್ಲೇ ತಿರುಗುತ್ತದೆ. ವಿಮಾನ ಹಾರಿ ಎರಡು ಮೂರು ನಿಮಿಷಗಳಾದ ಮೇಲೆ, ತಿರುವು ಮುಗಿಸಿ ಮತ್ತೆ ಏರಿಸಲೆಂದು ಥ್ರಾಟಲ್ ಪೂರ್ತಿ ಕೊಟ್ಟಾಗ ಮೋಟಾರಿನ ದನಿ ಇಳಿಯುತ್ತದೆ, ಮೂಗೆತ್ತಿದ ವಿಮಾನ ವೇಗ ಕಳೆದುಕೊಂಡು ಒಂದು ರೆಕ್ಕೆಯ ಕಡೆಗೆ ವಾಲುತ್ತದೆ. ಇಳಿಸಿಕೊಂಡು ಅಳೆದರೆ ಬ್ಯಾಟರಿಯಲ್ಲಿ ಇನ್ನೂ 11.4 ವೋಲ್ಟ್ ಇರುತ್ತದೆ. ನಮ್ಮ ಜೊತೆ ಹಾರಿಸಲು ಬರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಆಗ ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ಬ್ಯಾಟರಿ ಫುಲ್ ಅದರಿ ಸರ್, ಮೋಟರೇ ಹೋಗ್ಯದ.” ನಾನೂ ಹಾಗೆಯೇ ನಂಬಿ ಒಂದು ಮೋಟಾರನ್ನು ಬದಲಾಯಿಸಿದ್ದೇನೆ. ಹೊಸ ಮೋಟಾರು ಹಾಕಿದ ಆ ವಿಮಾನವೂ ಕಲಬುರಗಿಯ ಆಳಂದ ರಸ್ತೆಯ ಕಡೆ, ರಾಶಿ ಮುಗಿದ ಒಂದು ಹೊಲದ ಮೇಲೆ ಅದೇ ರೀತಿ ಸೊರಗಿ ಬಿದ್ದಿತು. ತೊಗರಿಯ ಕೂಳೆಗೆ ಸಿಕ್ಕಿ ರೆಕ್ಕೆ ಎರಡು ತುಂಡಾಯಿತು.

ಆ ಬ್ಯಾಟರಿಯ ಮೂರು ಸೆಲ್‌ಗಳಲ್ಲಿ ಎರಡು ಗಟ್ಟಿಯಾಗಿದ್ದವು, ಒಂದು ಕೆಟ್ಟಿತ್ತು. ಲೋಡ್ ಇಲ್ಲದಾಗ ಆ ಕೆಡುಕು ಯಾವ ಮೀಟರಿಗೂ ಕಾಣುತ್ತಿರಲಿಲ್ಲ. ಬ್ಯಾಟರಿಯನ್ನು ದುಡಿಸುತ್ತಲೇ ಅಳೆಯಬೇಕು ಮತ್ತು ಸೆಲ್ ಸೆಲ್ಲಾಗಿ ಅಳೆಯಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿ. ಉದಾಹರಣೆಗೆ ಆ ವಿಮಾನವನ್ನೇ ಇಟ್ಟುಕೊಳ್ಳುತ್ತೇನೆ: ಸುಮಾರು 1.2 ಕಿಲೊ ತೂಕ, ಮೂರು ಸೆಲ್‌ನ 2200 ಮಿಲಿ ಆಂಪಿಯರ್ ಅವರ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ಪೂರ್ತಿ ಥ್ರಾಟಲ್‌ನಲ್ಲಿ 28 ಆಂಪಿಯರ್ ಎಳೆಯುವ ಮೋಟಾರು, 40 ಆಂಪಿಯರ್‌ನ ಇಎಸ್‌ಸಿ, ಅಂದರೆ ಮೋಟಾರಿನ ವೇಗ ನಿಯಂತ್ರಕ.

ಬ್ಯಾಟರಿಯನ್ನು ದೂರುವ ಮುನ್ನ

ಬ್ಯಾಟರಿ ಮತ್ತು ಇಎಸ್‌ಸಿ ನಡುವೆ ಒಂದು ವ್ಯಾಟ್ ಮೀಟರ್ ಸೇರಿಸಿ, ವಿಮಾನವನ್ನು ಬಲವಾಗಿ ಕಟ್ಟಿ, ಪ್ರೊಪೆಲ್ಲರ್‌ನ ಮುಂದೆಯೂ ಪಕ್ಕಕ್ಕೂ ಯಾರೂ ನಿಲ್ಲದಂತೆ ನೋಡಿಕೊಂಡು ಹತ್ತು ಸೆಕೆಂಡು ಪೂರ್ತಿ ಥ್ರಾಟಲ್ ಕೊಡಿ. ಓದು ಎರಡು ಬಗೆಯಲ್ಲಿ ಬರಬಹುದು. ವೋಲ್ಟೇಜ್ ಗಟ್ಟಿಯಾಗಿ ನಿಂತು, ಆಂಪಿಯರ್ ಮಾತ್ರ ಎಂದಿಗಿಂತ ಸ್ವಲ್ಪ ಕಡಿಮೆ ಬಂದರೆ ಬ್ಯಾಟರಿಯಲ್ಲಿ ತಪ್ಪಿಲ್ಲ. ನಮ್ಮ ಕಡೆ ಮೇ ತಿಂಗಳಿನಲ್ಲಿ 42 ಡಿಗ್ರಿ ಹೊಸತೇನಲ್ಲ. ಆ ಬಿಸಿಲಿನ ಗಾಳಿ, ಒತ್ತಡ ಒಂದೇ ಇದ್ದಾಗ, 15 ಡಿಗ್ರಿಯ ಚಳಿಗಾಲದ ಮುಂಜಾನೆಯ ಗಾಳಿಗಿಂತ ಸುಮಾರು ಶೇಕಡಾ 8ರಿಂದ 9ರಷ್ಟು ತೆಳುವಾಗಿರುತ್ತದೆ. ಪ್ರೊಪೆಲ್ಲರ್‌ಗೂ ರೆಕ್ಕೆಗೂ ಹಿಡಿತ ಕಡಿಮೆಯಾಗುತ್ತದೆ, ಮೋಟಾರಿನ ಮೇಲಿನ ಹೊರೆಯೂ ತಗ್ಗುತ್ತದೆ. ಡಿಸೆಂಬರಿನಲ್ಲಿ ಸರಾಗವಾಗಿ ಏರಿದ ವಿಮಾನ ಮೇ ತಿಂಗಳ ಮಧ್ಯಾಹ್ನ ಏರದಿದ್ದರೆ ಹೊಸ ಬ್ಯಾಟರಿಗೆ ಹಣ ಸುರಿಯುವುದು ವ್ಯರ್ಥ. ಬೆಳಿಗ್ಗೆ ಆರರಿಂದ ಎಂಟರೊಳಗೆ ಹಾರಿಸಿದರೆ ಸಾಕು.

ಅದಕ್ಕೆ ಬದಲಾಗಿ ವೋಲ್ಟೇಜೇ ಕುಸಿದರೆ ಮೊದಲು ಕನೆಕ್ಟರ್‌ಗಳನ್ನು ನೋಡಬೇಕು. ಥ್ರಾಟಲ್ ಇಳಿಸಿ, ಬ್ಯಾಟರಿ ಬಿಚ್ಚಿದ ಕೂಡಲೇ ಎಕ್ಸ್‌ಟಿ60 ಪ್ಲಗ್ಗನ್ನೂ ಬೆಸುಗೆಯ ಜಾಗಗಳನ್ನೂ ಬೆರಳಿನಿಂದ ಮುಟ್ಟಿ ನೋಡಿ. ಒಂದು ಕಡೆಯ ಪಿನ್ ಮಾತ್ರ ಬಿಸಿಯಾಗಿದ್ದರೆ ಬೆಸುಗೆ ಸಡಿಲಾಗಿದೆ ಅಥವಾ ಪಿನ್ನಿನ ಸೀಳು ಮುಚ್ಚಿಕೊಂಡು ಹಿಡಿತ ಸಡಿಲಾಗಿದೆ ಎಂದು ತಿಳಿಯಬೇಕು. ಪ್ಲಗ್ಗಿನ ಒಂದು ಜೋಡಣೆಯ ಅಡ್ಡಕ್ಕೆ 0.1 ವೋಲ್ಟ್ ನಷ್ಟವಾದರೂ 28 ಆಂಪಿಯರ್‌ನಲ್ಲಿ ಅದು 2.8 ವ್ಯಾಟ್ ಶಾಖ; ಪ್ಲಾಸ್ಟಿಕ್ ಮೆತ್ತಗಾಗಲು ಅಷ್ಟು ಸಾಕು. ಎರೆ ಮಣ್ಣಿನ ಧೂಳು ಪಿನ್ನುಗಳ ಮೇಲೆ ಕೂರುವುದು ನಮ್ಮಲ್ಲಿ ಸಾಮಾನ್ಯವಾದುದರಿಂದ, ಹೊಲದಿಂದ ಬಂದ ಮೇಲೆ ಒಣ ಬ್ರಷ್‌ನಿಂದ ತೆಗೆಯುವ ರೂಢಿ ಒಳ್ಳೆಯದು. ಪ್ರೊಪೆಲ್ಲರ್ ಬದಲಾಯಿಸಿದ್ದೀರಾ ಎಂಬುದನ್ನೂ ನೆನಪಿಸಿಕೊಳ್ಳಿ: ಒಂದು ಇಂಚು ದೊಡ್ಡದು ಹಾಕಿದರೆ ಆಂಪಿಯರ್ ಎಷ್ಟು ಜಿಗಿಯುತ್ತದೆಂಬುದು ಮೀಟರ್ ಇಲ್ಲದೆ ಊಹೆಗೆ ಬರುವುದಿಲ್ಲ.

ಸೆಲ್ ಸೆಲ್ಲಾಗಿ ದುಡಿಸಿ ಅಳೆಯುವುದು

ಮುಖ್ಯ ಪರೀಕ್ಷೆ ಇದು. ಲೋಡ್ ಆಗಿ ನಾನು ಬಳಸುವುದು ಕಾರಿನ ಹೆಡ್‌ಲೈಟಿನ 12 ವೋಲ್ಟ್ 55 ವ್ಯಾಟ್‌ನ ನಾಲ್ಕು ಹ್ಯಾಲೊಜನ್ ಬಲ್ಬುಗಳನ್ನು. ಆಟೊ ಎಲೆಕ್ಟ್ರಿಕ್ ಅಂಗಡಿಯಲ್ಲಿ ಇವು ಸುಲಭವಾಗಿ ಸಿಗುತ್ತವೆ. ಒಂದೊಂದು ಬಲ್ಬೂ ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಎರಡಕ್ಕೆ 9, ನಾಲ್ಕಕ್ಕೆ 18 ಆಂಪಿಯರ್. ತಣ್ಣಗಿರುವ ತಂತು ಮೊದಲ ಕ್ಷಣದಲ್ಲಿ ಇದರ ಹಲವು ಪಟ್ಟು ಎಳೆಯುವುದರಿಂದ ನಾಲ್ಕನ್ನೂ ಒಮ್ಮೆಗೇ ಜೋಡಿಸಬಾರದು. ಮೊದಲು ಎರಡು, ಅವು ಹೊತ್ತಿಕೊಂಡ ಮೇಲೆ ಇನ್ನೆರಡು. ಬಲ್ಬುಗಳನ್ನೂ ಬ್ಯಾಟರಿಯನ್ನೂ ಶಹಾಬಾದ್ ಕಲ್ಲಿನ ಒಂದು ಪರಸಿಯ ಮೇಲೆ ಇಟ್ಟುಕೊಳ್ಳುತ್ತೇನೆ. ಬೇರೆ ಊರಿನವರು ಬೆಂಕಿ ತಡೆಯುವ ಚೀಲಕ್ಕೆ ಹಣ ಕೊಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಮನೆಮನೆಯ ನೆಲಕ್ಕೂ ಹಾಸಿರುವ ಈ ಸುಣ್ಣದ ಕಲ್ಲು ಬೆಂಕಿ ಹಿಡಿಯುವುದಿಲ್ಲ, ಶಾಖವನ್ನೂ ಬೇಗ ಹೀರಿಕೊಳ್ಳುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇರಲೇಬೇಕು.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಅರ್ಧ ಗಂಟೆ ಸುಮ್ಮನೆ ಬಿಟ್ಟು, ಪ್ರತಿ ಸೆಲ್ಲಿನಿಂದಲೂ ಹೊರಬರುವ ಸಣ್ಣ ಬ್ಯಾಲೆನ್ಸ್ ತಂತಿಗೆ ಸೆಲ್ ಮೀಟರ್ ಸೇರಿಸಿ ಮೊದಲ ಓದನ್ನು ಬರೆದುಕೊಳ್ಳಬೇಕು. ಬಳಿಕ ಎರಡು ಬಲ್ಬುಗಳ ಮೇಲೆ ಐದನೆಯ ಸೆಕೆಂಡಿನಲ್ಲಿ ಒಂದು ಓದು, ನಾಲ್ಕು ಬಲ್ಬುಗಳ ಮೇಲೆ ಮತ್ತೆ ಐದನೆಯ ಸೆಕೆಂಡಿನಲ್ಲಿ ಒಂದು ಓದು. ತಡಮಾಡಿದರೆ ಚಾರ್ಜ್ ಇಳಿದು ಲೆಕ್ಕ ಕೆಡುತ್ತದೆ. ನನ್ನ ಆ ಬ್ಯಾಟರಿ ಕೊಟ್ಟ ಅಂಕಿಗಳು ಹೀಗಿದ್ದವು: ಸುಮ್ಮನಿದ್ದಾಗ 4.16, 4.16, 4.15, ಎರಡು ಬಲ್ಬುಗಳ ಮೇಲೆ 4.08, 4.08, 3.90, ನಾಲ್ಕರ ಮೇಲೆ 4.00, 4.00, 3.65. ಸುಮ್ಮನಿದ್ದಾಗ ಮೂರನೆಯ ಸೆಲ್‌ನ ವ್ಯತ್ಯಾಸ 0.01 ವೋಲ್ಟ್ ಮಾತ್ರ, ಅಂದರೆ ಮೀಟರಿನ ತಪ್ಪಿನಷ್ಟೇ. ಹೊರೆ ಬಿದ್ದಾಗ ಅದು 0.35 ವೋಲ್ಟ್ ಹಿಂದೆ ಬಿತ್ತು.

ಎರಡು ಓದುಗಳ ವೋಲ್ಟೇಜ್ ವ್ಯತ್ಯಾಸವನ್ನು ಆಂಪಿಯರ್ ವ್ಯತ್ಯಾಸದಿಂದ ಭಾಗಿಸಿದರೆ ಸೆಲ್‌ನ ಒಳರೋಧ ಸಿಗುತ್ತದೆ. ಮೊದಲೆರಡು ಸೆಲ್‌ಗಳಲ್ಲಿ 0.08ನ್ನು 9ರಿಂದ ಭಾಗಿಸಿದರೆ ಸುಮಾರು 9 ಮಿಲಿ ಓಮ್, ಮೂರನೆಯದರಲ್ಲಿ 0.25ನ್ನು 9ರಿಂದ ಭಾಗಿಸಿದರೆ ಸುಮಾರು 28 ಮಿಲಿ ಓಮ್. ಒಳ್ಳೆಯ ಚಾರ್ಜರುಗಳು ಈ ಸಂಖ್ಯೆಯನ್ನು ತಾವೇ ತೋರಿಸುತ್ತವೆ, ಆದರೆ ಎರಡು ಚಾರ್ಜರುಗಳ ಸಂಖ್ಯೆಗಳು ಒಂದಕ್ಕೊಂದು ಹೊಂದುವುದು ಅಪರೂಪ. ಆದ್ದರಿಂದ ಸದಾ ಒಂದೇ ಉಪಕರಣದಿಂದ ಅಳೆದು, ಸೆಲ್‌ಗಳನ್ನು ಪರಸ್ಪರ ಹೋಲಿಸುವುದೇ ಸರಿಯಾದ ಕ್ರಮ. ಒಂದು ಸೆಲ್‌ನ ಒಳರೋಧ ಉಳಿದವುಗಳ ಎರಡು ಪಟ್ಟಿಗೆ ಬಂದಿದ್ದರೆ ಆ ಬ್ಯಾಟರಿಯನ್ನು ನಾನು ವಿಮಾನಕ್ಕೆ ಹಾಕುವುದಿಲ್ಲ.

ಇಎಸ್‌ಸಿ ಏಕೆ ಎಚ್ಚರಿಸಲಿಲ್ಲ

ವೋಲ್ಟೇಜ್ ಇಳಿದಾಗ ಮೋಟಾರನ್ನು ತಡೆಯುವುದು ಇಎಸ್‌ಸಿಯ ಕೆಲಸವಲ್ಲವೇ ಎಂದು ಕೇಳಬಹುದು. ಸಾಮಾನ್ಯ ಇಎಸ್‌ಸಿ ನೋಡುವುದು ಬ್ಯಾಟರಿಯ ಒಟ್ಟು ವೋಲ್ಟೇಜನ್ನು. ಬ್ಯಾಲೆನ್ಸ್ ತಂತಿ ಅದಕ್ಕೆ ಸೇರಿರುವುದೇ ಇಲ್ಲ. ಸೆಲ್‌ಗೆ 3.2 ವೋಲ್ಟಿನಂತೆ ಅದರ ಗಡಿಯನ್ನು 9.6 ವೋಲ್ಟಿಗೆ ಇಟ್ಟಿದ್ದೇವೆ ಎಂದುಕೊಳ್ಳೋಣ. ಹಾರಾಟದ ಮಧ್ಯದಲ್ಲಿ, ಕೆಟ್ಟ ಸೆಲ್‌ನ ಸಾಮರ್ಥ್ಯವೂ ಕುಗ್ಗಿರುವುದರಿಂದ, ಸೆಲ್‌ಗಳ ಸುಮ್ಮನಿದ್ದ ವೋಲ್ಟೇಜ್ 3.85, 3.85, 3.70 ಆಗಿರುತ್ತದೆ, ಒಟ್ಟು 11.4. ಆಗ 28 ಆಂಪಿಯರ್ ಎಳೆದರೆ ಮೊದಲೆರಡು 3.60ಕ್ಕೆ, ಮೂರನೆಯದು 2.92ಕ್ಕೆ ಇಳಿಯುತ್ತವೆ. ಲಿಪೊ ಸೆಲ್ 3.0 ವೋಲ್ಟಿಗಿಂತ ಕೆಳಗೆ ಹೋಗಬಾರದು ಎಂಬ ನಿಯಮ ಅಲ್ಲಿಗೇ ಮುರಿಯಿತು, ಆದರೆ ಒಟ್ಟು 10.12 ಇರುವುದರಿಂದ ಇಎಸ್‌ಸಿಗೆ ಏನೂ ತಿಳಿಯುವುದಿಲ್ಲ. ಇನ್ನೊಂದು ನಿಮಿಷ ಹಾರಿಸಿದರೆ ಸುಮ್ಮನಿದ್ದ ವೋಲ್ಟೇಜ್ 3.75, 3.75, 3.45ಕ್ಕೆ ಬಂದು, ಹೊರೆಯಲ್ಲಿ ಮೂರನೆಯ ಸೆಲ್ 2.67ಕ್ಕೆ ಕುಸಿಯುತ್ತದೆ. ಒಟ್ಟು 9.67. ಈಗಲೂ ಗಡಿ ದಾಟಿಲ್ಲ. ಮುಂದಿನ ಏರಿಕೆಯಲ್ಲಿ ದಾಟುತ್ತದೆ, ಮೋಟಾರು ತಟ್ಟನೆ ಸೊರಗುತ್ತದೆ, ಥ್ರಾಟಲ್ ಇಳಿಸಿದೊಡನೆ ವೋಲ್ಟೇಜ್ ಮತ್ತೆ ಮೇಲೇಳುವುದರಿಂದ ನೆಲಕ್ಕೆ ಬಂದಾಗ ಎಲ್ಲವೂ ಸರಿಯಿದೆ ಎನಿಸುತ್ತದೆ.

ಶಾಖದ ಲೆಕ್ಕ ಇದಕ್ಕಿಂತ ಕಳವಳಕಾರಿ. ಆಂಪಿಯರ್‌ನ ವರ್ಗವನ್ನು ಒಳರೋಧದಿಂದ ಗುಣಿಸಿದರೆ, 28 ಆಂಪಿಯರ್‌ನಲ್ಲಿ ಒಳ್ಳೆಯ ಸೆಲ್ 7 ವ್ಯಾಟ್, ಕೆಟ್ಟ ಸೆಲ್ 22 ವ್ಯಾಟ್ ಶಾಖ ಹೊರಹಾಕುತ್ತದೆ. ಮೂರೂ ಒಂದೇ ಹೊದಿಕೆಯೊಳಗೆ ಅಂಟಿಕೊಂಡಿರುವುದರಿಂದ ಕೆಟ್ಟದ್ದು ಪಕ್ಕದ್ದನ್ನೂ ಕಾಯಿಸುತ್ತದೆ, ಬಿಸಿಯಾದ ಸೆಲ್ ಇನ್ನಷ್ಟು ಬೇಗ ಹಳತಾಗುತ್ತದೆ. ಹೀಗಾಗಿ ಇಳಿಸಿದ ತಕ್ಷಣ ಬ್ಯಾಟರಿಯ ಎರಡೂ ಬದಿಗಳನ್ನು ಅಂಗೈಯಿಂದ ಹಿಡಿದು ನೋಡುವುದು, ಮೀಟರ್ ಇಲ್ಲದವರೂ ಮಾಡಬಹುದಾದ ಪರೀಕ್ಷೆ. ಒಂದು ಬದಿ ಬೆಚ್ಚಗೆ, ಇನ್ನೊಂದು ಹಿಡಿಯಲಾಗದಷ್ಟು ಬಿಸಿ ಇದ್ದರೆ ಅನುಮಾನ ಬೇಡ. ಹಾರಾಟದಲ್ಲಿ 60 ಡಿಗ್ರಿ ದಾಟುವ ಯಾವ ಲಿಪೊ ಬ್ಯಾಟರಿಯೂ ಬಹುಕಾಲ ಬಾಳುವುದಿಲ್ಲ. ಎರಡು ಮೂರು ನೂರು ರೂಪಾಯಿಯ ಸೆಲ್ ಅಲಾರಮ್ ಒಂದನ್ನು ಬ್ಯಾಲೆನ್ಸ್ ತಂತಿಗೆ ಸಿಕ್ಕಿಸಿ, 3.4 ವೋಲ್ಟಿಗೆ ಹೊಂದಿಸಿ ವಿಮಾನದೊಳಗೇ ಇಟ್ಟು ಹಾರಿಸಿದರೆ, ಇಎಸ್‌ಸಿಗೆ ಕಾಣದ ಸೆಲ್ ನಮಗೆ ಕೇಳಿಸುತ್ತದೆ. ಆ ಕೀರಲು ದನಿ ನನ್ನ ಎಷ್ಟೋ ರೆಕ್ಕೆಗಳನ್ನು ಉಳಿಸಿದೆ.

ಬಿಸಿಲು, ಚಳಿ ಮತ್ತು ಸುಳ್ಳು ಓದುಗಳು

ಒಳರೋಧ ತಾಪಮಾನದೊಂದಿಗೆ ಬದಲಾಗುತ್ತದೆ, ಚಳಿಯಲ್ಲಿ ಏರುತ್ತದೆ. ಬೀದರ್ ಕಲಬುರಗಿಗಿಂತ ಎತ್ತರದ ಊರು. ಅಲ್ಲಿ ಜನವರಿಯ ಮುಂಜಾನೆ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಕಲಬುರಗಿಯಲ್ಲಿ ಮಾರ್ಚ್‌ನಲ್ಲಿ 9 ಮಿಲಿ ಓಮ್ ತೋರಿದ ಆರೋಗ್ಯವಂತ ಸೆಲ್, ಅಂಥ ಮುಂಜಾನೆ ಕಾರಿನ ಡಿಕ್ಕಿಯಿಂದ ಈಗಷ್ಟೇ ತೆಗೆದಾಗ ಗಣನೀಯವಾಗಿ ಹೆಚ್ಚು ತೋರಿಸುತ್ತದೆ, ಏರಿಕೆಯಲ್ಲಿ ಸೊರಗಲೂಬಹುದು. ವ್ಯತ್ಯಾಸ ಗುರುತಿಸುವುದು ಸುಲಭ: ಚಳಿಯಾದರೆ ಮೂರೂ ಸೆಲ್‌ಗಳು ಒಟ್ಟಿಗೆ ಇಳಿಯುತ್ತವೆ, ಕೆಟ್ಟದ್ದಾದರೆ ಒಂದೇ ಇಳಿಯುತ್ತದೆ. ಬ್ಯಾಟರಿಯನ್ನು ಅಂಗಿಯ ಒಳಜೇಬಿನಲ್ಲಿ ಹತ್ತಿಪ್ಪತ್ತು ನಿಮಿಷ ಇಟ್ಟು ಬೆಚ್ಚಗೆ ಮಾಡಿದರೆ ಚಳಿಯ ದೋಷ ಹೋಗುತ್ತದೆ. ಟಿಪ್ಪಣಿಯಲ್ಲಿ ಪ್ರತಿ ಅಳತೆಯ ಪಕ್ಕ ತಾಪಮಾನವನ್ನೂ ಬರೆಯಿರಿ. 25ರಿಂದ 30 ಡಿಗ್ರಿಯಲ್ಲಿ ಅಳೆದ ಸಂಖ್ಯೆಗಳನ್ನು ಮಾತ್ರ ಪರಸ್ಪರ ಹೋಲಿಸಿ. (ಬೀದರ್‌ನಲ್ಲಿ ವಾಯುಪಡೆಯ ನೆಲೆಯಿದೆ, ವೈಮಾನಿಕ ಪ್ರದರ್ಶನ ನೀಡುವ ಸೂರ್ಯಕಿರಣ ತಂಡವೂ ಅಲ್ಲಿಯದೇ, ಆ ವಿಮಾನಗಳನ್ನು ನೋಡಿಯೇ ಎಷ್ಟೋ ಹುಡುಗರಿಗೆ ಈ ಹವ್ಯಾಸದ ಆಸೆ ಹುಟ್ಟುತ್ತದೆ. ಆದರೆ ಆ ನೆಲೆಯ ಸುತ್ತ ಅನುಮತಿಯಿಲ್ಲದೆ ಏನನ್ನೂ ಹಾರಿಸುವಂತಿಲ್ಲ. 2019ರಲ್ಲಿ ಆರಂಭವಾದ ಕಲಬುರಗಿ ವಿಮಾನ ನಿಲ್ದಾಣದ ಸುತ್ತಲೂ ನಿರ್ಬಂಧವಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಪ್ರಕಟವಾಗಿರುವ ವಾಯುಪ್ರದೇಶ ನಕ್ಷೆಯನ್ನು ನೋಡಿಯೇ ಹೊಲವನ್ನು ಆರಿಸಿಕೊಳ್ಳಬೇಕು.)

ಬಿಸಿಲು ಸುಳ್ಳು ಹೇಳುವುದು ಬೇರೆ ರೀತಿಯಲ್ಲಿ. ಬಿಸಿಯಾದ ಸೆಲ್ ಆ ದಿನ ಚೆನ್ನಾಗಿಯೇ ದುಡಿಯುತ್ತದೆ, ಒಳರೋಧವೂ ಕಡಿಮೆಯೇ ಬರುತ್ತದೆ. ಹಾನಿ ಮಾತ್ರ ಒಳಗೊಳಗೇ ಆಗುತ್ತಿರುತ್ತದೆ. ಪೂರ್ತಿ ಚಾರ್ಜ್ ಆದ ಲಿಪೊ ಬ್ಯಾಟರಿಯನ್ನು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಒಂದು ಮಧ್ಯಾಹ್ನ ಬಿಟ್ಟರೆ ದ್ರಾವಣ ಒಡೆದು ಅನಿಲವಾಗಿ, ಹೊದಿಕೆ ದಿಂಬಿನಂತೆ ಉಬ್ಬುವುದನ್ನು ನಾನು ಕಂಡಿದ್ದೇನೆ. ಹಾರಿಸದ ದಿನಗಳಲ್ಲಿ ಸೆಲ್‌ಗೆ 3.80ರಿಂದ 3.85 ವೋಲ್ಟಿಗೆ ಇಳಿಸಿ, ಮನೆಯ ತಂಪಾದ ಮೂಲೆಯಲ್ಲಿ ಕಲ್ಲಿನ ನೆಲದ ಮೇಲಿಡಬೇಕು. ಹೊಲದಲ್ಲಾದರೆ ಬೇವಿನ ಗಿಡದ ನೆರಳು ಸಾಕು. ಇಳಿಸಿದ ಬ್ಯಾಟರಿ ಪೂರ್ತಿ ತಣಿಯುವ ಮುನ್ನ ಚಾರ್ಜಿಗೆ ಹಾಕಬಾರದು; ಸುತ್ತಲಿನ ಗಾಳಿಯೇ 42 ಡಿಗ್ರಿ ಇರುವಾಗ ಚಾರ್ಜ್ ಮಾಡದಿರುವುದೇ ಉತ್ತಮ. ಚಾರ್ಜ್ ಮಾಡುವಾಗ 1ಸಿ, ಅಂದರೆ ಈ ಬ್ಯಾಟರಿಗೆ 2.2 ಆಂಪಿಯರ್ ಮೀರಬೇಡಿ. ಕರೆಂಟ್ ಹೋಗಿ ಬಂದರೆ ಚಾರ್ಜರಿನಲ್ಲಿ ಬ್ಯಾಟರಿಯ ಬಗೆಯನ್ನೂ ಸೆಲ್ ಸಂಖ್ಯೆಯನ್ನೂ ಮತ್ತೆ ನೋಡಿಯೇ ಒತ್ತಬೇಕು.

ದೋಷ ರಿಸೀವರ್ ಬ್ಯಾಟರಿಯದಾದರೆ

ಮೋಟಾರು ಸರಿಯಾಗಿದ್ದು, ರೆಕ್ಕೆ ಬಾಲಗಳ ಫಲಕಗಳನ್ನು ತಿರುಗಿಸುವ ಸರ್ವೊಗಳು ಮಾತ್ರ ಕ್ಷಣಕಾಲ ಸತ್ತು ಮತ್ತೆ ಎಚ್ಚರವಾಗುತ್ತಿದ್ದರೆ ಅದು ಬೇರೆ ದೋಷ: ನಮ್ಮ ರೇಡಿಯೊ ಸಂಕೇತ ಹಿಡಿಯುವ ರಿಸೀವರ್‌ಗೆ ವೋಲ್ಟೇಜ್ ಸಾಲುತ್ತಿಲ್ಲ. ಪೆಟ್ರೋಲ್ ಎಂಜಿನ್ನಿನ ಮತ್ತು ಗ್ಲೈಡರ್ ಮಾದರಿಗಳಲ್ಲಿ ಇಂದಿಗೂ ನಾಲ್ಕು ಸೆಲ್‌ನ 4.8 ವೋಲ್ಟ್ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಬಳಸುವವರಿದ್ದಾರೆ. ಅದನ್ನು 1 ಆಂಪಿಯರ್ ಲೋಡಿನಲ್ಲಿ ಅಳೆದಾಗ 4.8ಕ್ಕಿಂತ ಕೆಳಗೆ ಬಂದರೆ ಹಾರಿಸಬೇಡಿ. ಈ ಸೆಲ್‌ಗಳ ಚಾರ್ಜರ್, ವೋಲ್ಟೇಜ್ ತುದಿಗೇರಿ ಕೆಲವೇ ಮಿಲಿ ವೋಲ್ಟ್ ಇಳಿದುದನ್ನು ಗುರುತಿಸಿ ನಿಲ್ಲುತ್ತದೆ. ಬಹುಕಾಲ ಸುಮ್ಮನಿದ್ದ ಅಥವಾ ಬಿಸಿಯಾಗಿರುವ ಬ್ಯಾಟರಿಯಲ್ಲಿ ಅದು ಅರ್ಧಕ್ಕೇ ನಿಂತು ತುಂಬಿತೆಂದು ಹೇಳುವುದುಂಟು. ಎಷ್ಟು ಮಿಲಿ ಆಂಪಿಯರ್ ಅವರ್ ಒಳಗೆ ಹೋಯಿತೆಂಬುದನ್ನು ನೋಡಿದರೆ ಈ ಮೋಸ ಸಿಕ್ಕಿಬೀಳುತ್ತದೆ. ಸಾಮರ್ಥ್ಯದ ಹತ್ತನೇ ಒಂದು ಭಾಗದ ಕರೆಂಟಿನಲ್ಲಿ 14ರಿಂದ 16 ಗಂಟೆ ನಿಧಾನವಾಗಿ ತುಂಬಿಸುವುದು ಇದಕ್ಕೆ ಮದ್ದು. ಎರಡು ಸೆಲ್‌ನ 6.6 ವೋಲ್ಟ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಬದಲಾದವರು ಒಂದನ್ನು ನೆನಪಿಡಬೇಕು: ಅದರ ವೋಲ್ಟೇಜ್ ಬಹುಪಾಲು ಹೊತ್ತು ಒಂದೇ ಮಟ್ಟದಲ್ಲಿ ನಿಂತು ಕೊನೆಯಲ್ಲಿ ಒಮ್ಮೆಗೇ ಬೀಳುವುದರಿಂದ, ಉಳಿದದ್ದೆಷ್ಟು ಎಂಬುದನ್ನು ವೋಲ್ಟ್ ಮೀಟರ್ ಹೇಳಲಾರದು. ಹೊಸದು ಕೊಳ್ಳುವ ಮುನ್ನ ನಿಮ್ಮ ಸರ್ವೊಗಳು 6.6 ವೋಲ್ಟನ್ನು ತಾಳುತ್ತವೆಯೇ ಎಂದೂ ನೋಡಿಕೊಳ್ಳಿ.

ಹೊಸದನ್ನು ಆರಿಸುವಾಗ

ಬ್ಯಾಟರಿ ಎಷ್ಟು ಕರೆಂಟ್ ಕೊಡಬಲ್ಲದೆಂದು ಹೇಳುವ, ಹೊದಿಕೆಯ ಮೇಲಿನ ಸಿ ಸಂಖ್ಯೆಯನ್ನು ನಾನು ನಂಬುವುದಿಲ್ಲ. 2200 ಮಿಲಿ ಆಂಪಿಯರ್ ಅವರ್‌ನ ಬ್ಯಾಟರಿಗೆ 25ಸಿ ಎಂದರೆ 55 ಆಂಪಿಯರ್, 60ಸಿ ಎಂದರೆ 132 ಆಂಪಿಯರ್. ಅದರ ಸಣ್ಣ ತಂತಿಯನ್ನು ನೋಡಿದರೇ ಎರಡನೆಯದು ಆಗದ ಮಾತೆಂದು ತಿಳಿಯುತ್ತದೆ. ಅದಕ್ಕೆ ಬದಲು ಮೊದಲು ಹೇಳಿದ ವ್ಯಾಟ್ ಮೀಟರಿನ ಓದಿನಿಂದ ಹೊರಡಿ. ನಮ್ಮ ವಿಮಾನ ನೆಲದ ಮೇಲೆ 28 ಆಂಪಿಯರ್ ಎಳೆಯುತ್ತದೆ. ಗಾಳಿಯಲ್ಲಿ ಪ್ರೊಪೆಲ್ಲರ್ ಹಗುರಾಗುವುದರಿಂದ ಅದು ಸ್ವಲ್ಪ ಇಳಿಯುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಸೆಲ್‌ಗೆ 0.3 ವೋಲ್ಟಿಗಿಂತ ಹೆಚ್ಚು ಕುಸಿಯದ ಬ್ಯಾಟರಿ ಬೇಕು ಎಂಬುದು ನನ್ನ ಅಳತೆ. 0.3ನ್ನು 28ರಿಂದ ಭಾಗಿಸಿದರೆ 10.7 ಮಿಲಿ ಓಮ್. ಅದಕ್ಕಿಂತ ಕಡಿಮೆ ಒಳರೋಧದ ಸೆಲ್ ಇರಬೇಕು, ಹಳತಾಗುವುದಕ್ಕೂ ಅವಕಾಶವಿರಬೇಕೆಂದರೆ ಹೊಸದರಲ್ಲಿ 5 ಅಥವಾ 6 ಇರಬೇಕು.

ದೊಡ್ಡ ಸಾಮರ್ಥ್ಯದ ಬ್ಯಾಟರಿ ಹಾಕಿದರೆ ಎಲ್ಲ ಸರಿಯಾಗುತ್ತದೆ ಎನ್ನುವವರ ಮಾತು ಅರ್ಧ ನಿಜ. ಒಳರೋಧ ತಗ್ಗುತ್ತದೆ, ಆದರೆ ತೂಕ ಏರುತ್ತದೆ, 1.2 ಕಿಲೊ ವಿಮಾನಕ್ಕೆ ನೂರು ಗ್ರಾಂ ಸೇರಿದರೆ ಅದು ಇಳಿಯುವ ವೇಗದಲ್ಲೇ ತಿಳಿಯುತ್ತದೆ, ಗುರುತ್ವ ಕೇಂದ್ರವೂ ಸರಿಯುತ್ತದೆ. ಹಾರಾಟದ ಅವಧಿಯ ಲೆಕ್ಕವನ್ನು ಶೇಕಡಾ 80ರ ಬಳಕೆಯ ಮೇಲೆ ಹಾಕಬೇಕು: 2200ರಲ್ಲಿ 1760 ಮಿಲಿ ಆಂಪಿಯರ್ ಅವರ್, ಸರಾಸರಿ 14 ಆಂಪಿಯರ್ ಎಳೆತಕ್ಕೆ ಏಳೂವರೆ ನಿಮಿಷ. ಟೈಮರ್ ಅಷ್ಟಕ್ಕೇ ಹೊಂದಿಸಿ. ಬ್ಯಾಟರಿ ಕೈಗೆ ಬಂದ ದಿನವೇ ತೂಗಿ, ಸೆಲ್‌ಗಳ ವೋಲ್ಟೇಜ್ ಅಳೆದು, 0.03ಕ್ಕಿಂತ ಹೆಚ್ಚು ಅಂತರವಿದ್ದರೆ ಅಥವಾ ಹೊದಿಕೆ ಮೆತ್ತಗೆ ಉಬ್ಬಿದ್ದರೆ ಅಂದೇ ಹಿಂದಿರುಗಿಸಿ. ಮೂರ್ನಾಲ್ಕು ಬಾರಿ ನಿಧಾನವಾಗಿ ಬಳಸಿದ ಮೇಲೆ ಬಲ್ಬಿನ ಪರೀಕ್ಷೆ ಮಾಡಿ, ಆ ಅಂಕಿಗಳನ್ನು ಬ್ಯಾಟರಿಯ ಮೇಲೆಯೇ ಶಾಶ್ವತ ಶಾಯಿಯಲ್ಲಿ ಬರೆಯಿರಿ. ಮುಂದಿನ ಪ್ರತಿ ಹೋಲಿಕೆಗೂ ಅದೇ ಆಧಾರ.

ಸಾಮರ್ಥ್ಯ ಮೊದಲಿನ ಶೇಕಡಾ 80ಕ್ಕಿಂತ ಕೆಳಗಿಳಿದ ಅಥವಾ ಒಂದು ಸೆಲ್ ಹಿಂದೆ ಬಿದ್ದ ಬ್ಯಾಟರಿಯನ್ನು ವಿಮಾನದಿಂದ ತೆಗೆಯಲೇಬೇಕು. ಕೆಟ್ಟ ಸೆಲ್ ಬಿಚ್ಚಿ ಉಳಿದೆರಡನ್ನು ಬಳಸುವ ಆಸೆ ಬೇಡ. ಅಂಟಿಕೊಂಡ ಹೊದಿಕೆ ಬಿಡಿಸುವಾಗ ಅದು ಸೀಳಿದರೆ ಬೆಂಕಿ ಹತ್ತುತ್ತದೆ. ಮನೆಯ ಹೊರಗೆ, ಪರಸಿಯ ಮೇಲೆ, ಎದುರಿಗಿದ್ದುಕೊಂಡೇ ಒಂದು ಸಣ್ಣ 12 ವೋಲ್ಟ್ ಬಲ್ಬಿಗೆ ಜೋಡಿಸಿ, ಬೆಳಕು ಪೂರ್ತಿ ಆರಿ ವೋಲ್ಟೇಜ್ ಸೊನ್ನೆಗೆ ಬರುವ ತನಕ ಬಿಡಿ. ಬಳಿಕ ತಂತಿಗಳ ತುದಿಗಳಿಗೆ ಬೇರೆಬೇರೆಯಾಗಿ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹಾಕಿವೆ, ಆದ್ದರಿಂದ ಮಾರಿದ ಅಂಗಡಿಯಲ್ಲಿ ವಿಚಾರಿಸಬಹುದು. ಹೊಲದ ಬದುವಿನಲ್ಲಿ ಹೂಳುವುದಾಗಲಿ, ತಿಪ್ಪೆಗೆ ಎಸೆಯುವುದಾಗಲಿ ಕೂಡದು. ಬೇಸಿಗೆಯಲ್ಲಿ ಒಣ ತೊಗರಿ ಕಟ್ಟಿಗೆಯ ಬಣವೆ ಅದರ ಪಕ್ಕದಲ್ಲೇ ಇರುತ್ತದೆ.